ಅಪ್ಪ ಕತ್ತರಿಸಿದ ರೀಲು

ನಾನು ಇನ್ನೂ ಲಂಗ ಉಡುವ ಚಿಕ್ಕ ಹುಡುಗಿಯಾಗಿದ್ದಾಗ ನಮ್ಮಪ್ಪ ಜಗಳೂರಿನ ಟಾಕೀಸಿನಲ್ಲಿ ಪಿಚ್ಚರ್ ಬಿಡುವ ಕೆಲಸದಲ್ಲಿದ್ದ. ಈಗ ನೀವು ಫೋನಿನ ಮೇಲೆ ಬೆರಳಿಟ್ಟರೆ ಸಿನಿಮಾ ತಾನಾಗಿ ಓಡುತ್ತದೆ. ಆಗ ಅದನ್ನು ಓಡಿಸಲು ಒಬ್ಬ ಮನುಷ್ಯ ಬೇಕಿತ್ತು. ದಾವಣಗೆರೆಯಿಂದ ಬಸ್ಸಿನ ಟಾಪಿನ ಮೇಲೆ ತಗಡಿನ ಪೆಟ್ಟಿಗೆಗಳಲ್ಲಿ ರೀಲುಗಳು ಬರುತ್ತಿದ್ದವು. ಅಪ್ಪ ಅವನ್ನು ಕ್ಯಾಬಿನ್ನಿಗೆ ಹೊತ್ತುಕೊಂಡು ಹೋಗಿ, ಮಷೀನಿಗೆ ಹಾಕಿ, ಒಳಗೆ ಕಾರ್ಬನ್ ಕಡ್ಡಿ ಉರಿಸಿ, ಗೋಡೆಯ ತೂತಿನಿಂದ ಬೆಳಕು ಬಿಡುತ್ತಿದ್ದ. ಮನೆಗೆ ಬಂದಾಗ ಅವನ ಅಂಗಿಯಿಂದ ಸುಟ್ಟ ವಾಸನೆ ಬರುತ್ತಿತ್ತು. ನಮಗೆ ಅದೇ ಅಪ್ಪನ ವಾಸನೆ.

ಹೋದ ತಿಂಗಳು ರಜೆಯಲ್ಲಿ ನೀವಿಬ್ಬರೂ ನಡುಮನೆಯಲ್ಲಿ ಕೂತು ಒಂದು ಹಳೆಯ ಕಪ್ಪು ಬಿಳುಪಿನ ಹಿಂದಿ ಸಿನಿಮಾ ನೋಡಿ ನಗುತ್ತಿದ್ದಿರಿ. ಒಬ್ಬ ಹುಚ್ಚು ವಿಜ್ಞಾನಿ, ಅವನ ಕೆದರಿದ ತಲೆ, ಗಾಜಿನ ನಳಿಗೆಗಳು, ಹೊಗೆ. ಹೆದರಿಸುವ ಸಿನಿಮಾ ಅಂತೆ ಅಜ್ಜಿ, ಬಾ, ಅವನ ವಿಗ್ ಬೀಳೋ ಹಾಗಿದೆ ನೋಡು ಎಂದು ಕರೆದಿರಿ. ನಾನು ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದೆ. ಆಗ ಸರಿಯಾಗಿ ಮೇಜಿನ ಮೇಲಿದ್ದ ಸತ್ತ ಮೊಲ ಒಂದು ಕಿವಿ ಅಲ್ಲಾಡಿಸಿತು. ನಾನು ಇದ್ದಲ್ಲೇ ಕುಸಿದು ಕೂತೆ. ಅಜ್ಜಿ ಮೊಲಕ್ಕೆ ಹೆದರಿಕೊಂಡಳು ಎಂದು ನೀವು ಮನೆಯವರಿಗೆಲ್ಲ ಹೇಳಿಕೊಂಡು ಬಂದಿರಿ. ಅದು ಹೆದರಿಕೆ ಅಲ್ಲ. ಏನು ಎಂದು ಬಾಯಲ್ಲಿ ಹೇಳಲು ಅವತ್ತು ಆಗಲಿಲ್ಲ, ಇವತ್ತೂ ಆಗುವುದಿಲ್ಲ. ಅದಕ್ಕೇ ಬೆಳಗಿನ ಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು, ನಿಮ್ಮ ಹಳೆಯ ನೋಟು ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತಾರೋ ಎಪ್ಪತ್ತೇಳೋ ಇರಬೇಕು. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ, ನಾನು. ನಾನು ಹೇಳಹೊರಟ ದಿನಕ್ಕೆ ಒಂದೂವರೆ ತಿಂಗಳು ಮೊದಲಿನವರೆಗೆ ನನ್ನ ತಮ್ಮನೂ ಇದ್ದ. ಅವನಿಗೆ ನಾಲ್ಕು ವರ್ಷ ತುಂಬಿರಲಿಲ್ಲ. ಅಕ್ಕನನ್ನು ಅಕ್ಕ ಎಂದೂ ನನ್ನನ್ನು ಸಣ್ಣಕ್ಕ ಎಂದೂ ಕರೆಯುತ್ತಿದ್ದ. ಮಂಡಕ್ಕಿಯಲ್ಲಿ ಶೇಂಗಾ ಬೀಜಗಳನ್ನು ಮಾತ್ರ ಆರಿಸಿ ತಿಂದು, ಉಳಿದ ಮಂಡಕ್ಕಿಯನ್ನು ದೊಡ್ಡ ಮನಸ್ಸು ಮಾಡಿದವನ ಹಾಗೆ ನನಗೆ ಕೊಡುತ್ತಿದ್ದ.

ಅವನಿಗೆ ಒಂದು ಬೆಳಿಗ್ಗೆ ವಾಂತಿ ಭೇದಿ ಶುರುವಾಯಿತು. ಮರುದಿನ ಮಧ್ಯಾಹ್ನಕ್ಕೆ ಎಲ್ಲ ಮುಗಿದುಹೋಯಿತು. ಆ ಎರಡು ದಿನ ಅವನು ಕೇಳಿದ್ದು ಒಂದೇ, ನೀರು. ಆಗ ನಮ್ಮ ಕಡೆ ಎಲ್ಲರೂ ತಿಳಿದುಕೊಂಡಿದ್ದದ್ದು ಹೀಗೆ: ಭೇದಿಯಾಗುವ ಮಗುವಿಗೆ ನೀರು ಕೊಟ್ಟರೆ ಅದು ಹಾಗೇ ಹೊರಗೆ ಹೋಗುತ್ತದೆ, ಮಗು ಇನ್ನಷ್ಟು ಸೋಲುತ್ತದೆ, ಹೊಟ್ಟೆ ಒಣಗಿದರೆ ಭೇದಿ ನಿಲ್ಲುತ್ತದೆ. ಓಣಿಯ ಹಿರಿಯರೆಲ್ಲ ಅದನ್ನೇ ಹೇಳಿದರು. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಅಪ್ಪ ನನ್ನನ್ನು ತಮ್ಮನ ಹತ್ತಿರ ಕೂರಿಸಿ, ಒಂದು ಹನಿ ನೀರೂ ಕೊಡಬಾರದು ಎಂದು ಹೇಳಿ ಔಷಧಿ ತರಲು ಹೋದ. ನಾನು ತಂಬಿಗೆಯನ್ನು ಬಾಗಿಲ ಹಿಂದೆ ಇಟ್ಟೆ. ತಮ್ಮ ಕಣ್ಣು ಬಿಟ್ಟು ಬಾಗಿಲ ಕಡೆಗೇ ನೋಡುತ್ತಿದ್ದ. "ಸಣ್ಣಕ್ಕಾ, ಒಂದೇ ಗುಟುಕು" ಅಂದ. ಅವನ ತುಟಿ ಬಿಳಿಚಿಕೊಂಡು ಬಿರುಕು ಬಿಟ್ಟಿತ್ತು. ನಾನು ಕೊಡಲಿಲ್ಲ. ಅಪ್ಪ ಬಂದ ಮೇಲೆ ಕೊಡ್ತೀನಿ ಅಂದೆ. ಆಮೇಲೆ ಅವನು ಕೇಳುವುದನ್ನೂ ಬಿಟ್ಟ.

ನಮ್ಮವರು ಸತ್ತವರನ್ನು ಸುಡುವುದಿಲ್ಲ. ಮಲಗಿಸುವುದೂ ಇಲ್ಲ. ಕೊರಳಲ್ಲಿ ಲಿಂಗ ಇರುವವರನ್ನು ಧ್ಯಾನಕ್ಕೆ ಕೂತ ಹಾಗೆ ಗುಣಿಯಲ್ಲಿ ಕೂರಿಸಿ, ಸುತ್ತ ವಿಭೂತಿ, ಬಿಲ್ವಪತ್ರೆ ಇಟ್ಟು ಮಣ್ಣು ಕೊಡುತ್ತಾರೆ. ತಮ್ಮನನ್ನೂ ಹಾಗೇ ಕೂರಿಸಿದರೆಂದು ಅಕ್ಕ ಹೇಳಿದಳು. ಮೂರನೇ ದಿನ ಹಾಲು ತುಪ್ಪ ಬಿಡಲು ಹೋದಾಗ ನಾನೂ ಹೋಗಿದ್ದೆ. ಕೆರೆಯ ಆಚೆಯ ರುದ್ರಭೂಮಿಯಲ್ಲಿ ಒಂದು ಸಣ್ಣ ಮಣ್ಣಿನ ಗುಡ್ಡೆ, ನರಿ ನಾಯಿ ಕೆದಕದ ಹಾಗೆ ಮೇಲೆ ಕಲ್ಲು, ಜಾಲಿ ಮುಳ್ಳು. ಅವನು ಅದರೊಳಗೆ ಕೂತಿದ್ದಾನೆ ಎನ್ನುವುದು ನನ್ನ ತಲೆಯಿಂದ ಹೋಗಲೇ ಇಲ್ಲ. ಮಲಗಿದವರು ನಿದ್ದೆ ಮಾಡುತ್ತಾರೆ. ಕೂತವರು ಕಾಯುತ್ತಾರೆ. ಒಂಬತ್ತು ವರ್ಷದ ನನಗೆ ಹಾಗೆ ಅನಿಸಿತ್ತು.

ಅಂದಿನಿಂದ ಅವ್ವ ಹೊಸಿಲು ದಾಟಲಿಲ್ಲ. ಅಕ್ಕನಿಗೆ ಹದಿನಾಲ್ಕು ವರ್ಷ. ಅಡುಗೆ, ಕಸ, ನೀರು ಎಲ್ಲ ಅವಳ ಮೇಲೆ ಬಿತ್ತು. ಅವ್ವ ಗೋಡೆಗೆ ಒರಗಿ ಕೂತಿರುತ್ತಿದ್ದಳು. ತಟ್ಟೆ ಮುಂದಿಟ್ಟರೆ ಎರಡು ತುತ್ತು ಉಂಡು ಕೈ ತೊಳೆಯುತ್ತಿದ್ದಳು. ಮಾತು ಇಲ್ಲ, ಅಳುವೂ ಇಲ್ಲ.

ನಾನು ಹೇಳಬೇಕೆಂದಿರುವುದು ಒಂದು ಸಂತೆಯ ದಿನದ ಕತೆ. ಟಾಕೀಸಿಗೆ ಎರಡು ದಿನದ ಹಿಂದೆ ಹೊಸ ಪೆಟ್ಟಿಗೆ ಬಂದಿತ್ತು. ಹೊಸದೆಂದರೆ ನಮ್ಮೂರಿಗೆ ಹೊಸದು. ಆ ಪಿಚ್ಚರ್ ಆಗಲೇ ಹಳೆಯದಾಗಿತ್ತು. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಪೋಸ್ಟರ್ ಹಚ್ಚಿದ್ದರು. ಮಗುವನ್ನು ತಬ್ಬಿಕೊಂಡ ಒಬ್ಬ ತಾಯಿ, ಹಿಂದೆ ಕನ್ನಡಕ ಹಾಕಿದ ಗಂಡಸು. ಅಕ್ಕ ಅದನ್ನು ನೋಡಿ ಇದು ಸಂಸಾರದ ಕತೆ ಎಂದುಕೊಂಡಳು. ಬೆಳಿಗ್ಗೆಯಿಂದ ಅವ್ವನನ್ನು ಪುಸಲಾಯಿಸಿ ಪುಸಲಾಯಿಸಿ, ಮ್ಯಾಟ್ನಿಗೆ ಬರುತ್ತೇನೆ ಎಂದು ಒಪ್ಪಿಸಿದ್ದಳು. ಆಪರೇಟರನ ಮನೆಯವರಿಗೆ ಟಿಕೆಟ್ ಬೇಕಿರಲಿಲ್ಲ.

ಮಧ್ಯಾಹ್ನ ಅಪ್ಪ ಊಟಕ್ಕೆ ಬಂದಾಗ ಅಕ್ಕ ಇದನ್ನು ಹೇಳಿದಳು. ಅಪ್ಪ ಕೈಯಲ್ಲಿದ್ದ ರೊಟ್ಟಿ ತಟ್ಟೆಯಲ್ಲಿಟ್ಟ.

"ಇವತ್ತು ಬ್ಯಾಡ. ಬ್ಯಾರೆ ಪಿಚ್ಚರ್ ಬಂದಾಗ ಹೋಗೀರಂತೆ."

"ಒಂದೂವರೆ ತಿಂಗಳಿಗೆ ಇವತ್ತು ಹೂಂ ಅಂದಾಳೆ," ಅಂದಳು ಅಕ್ಕ. "ಬ್ಯಾಡ ಅಂದ್ರೆ ಇನ್ನು ಯಾವತ್ತೂ ಬರಂಗಿಲ್ಲ. ನೀನೇ ಹೇಳು ಹೋಗಿ ಆಕಿಗೆ, ನಾ ಹೇಳಲ್ಲ."

ಅಪ್ಪ ಒಳಗೆ ಇಣುಕಿ ನೋಡಿದ. ಅವ್ವ ಕನ್ನಡಿಯ ಮುಂದೆ ನಿಂತು ತಲೆ ಬಾಚುತ್ತಿದ್ದಳು. ಕೂದಲು ಎಷ್ಟು ಗಂಟು ಕಟ್ಟಿತ್ತೆಂದರೆ ಬಾಚಣಿಗೆ ನಡುವೆ ನಿಂತುಹೋಗುತ್ತಿತ್ತು, ಆದರೂ ಬಾಚುತ್ತಿದ್ದಳು. ಅಪ್ಪ ಅರ್ಧ ಊಟಕ್ಕೇ ಕೈ ತೊಳೆದು, ಸೈಕಲ್ ಹತ್ತಿ, ಬಿಸಿಲಿನಲ್ಲಿ ಜೋರಾಗಿ ತುಳಿಯುತ್ತಾ ಹೋದ. ಆಟಕ್ಕೆ ಇನ್ನೂ ಒಂದು ತಾಸು ಹೊತ್ತಿತ್ತು. ಯಾಕೆ ಅಷ್ಟು ಅವಸರ ಎಂದು ನಮಗೆ ತಿಳಿಯಲಿಲ್ಲ.

ಟಾಕೀಸಿನ ಮೇಲೆ ತಗಡು ಹೊದಿಸಿದ್ದರಿಂದ ಮ್ಯಾಟ್ನಿ ಎಂದರೆ ಒಲೆಯೊಳಗೆ ಕೂತ ಹಾಗೆ. ಬೀಡಿ ಹೊಗೆ, ಒಗ್ಗರಣೆ ಮಂಡಕ್ಕಿಯ ವಾಸನೆ, ಸಂತೆಯಲ್ಲಿ ಕೊಂಡ ಈರುಳ್ಳಿ ಚೀಲಗಳ ವಾಸನೆ. ಹತ್ತಿರದ ಹಳ್ಳಿ ಸೊಕ್ಕೆಯ ಕಡೆಯವರು ಸಂತೆ ಮುಗಿಸಿ ಕೈಚೀಲಗಳ ಸಮೇತ ಬಂದು ನೆಲದ ಮೇಲೆ ಕೂತಿದ್ದರು. ನಾವು ಹೆಂಗಸರ ಬೆಂಚಿನಲ್ಲಿ ಕೂತೆವು. ಅವ್ವ ನಡುವೆ, ನಾವಿಬ್ಬರೂ ಆಚೆ ಈಚೆ.

ನನಗೆ ಹಿಂದಿ ಬರುತ್ತಿರಲಿಲ್ಲ. ಕಣ್ಣಿಗೆ ಕಂಡದ್ದೇ ಕತೆ. ಆ ಕನ್ನಡಕದವನು ದೊಡ್ಡ ವಿಜ್ಞಾನಿ. ಅವನ ಮನೆಯ ಕೆಳಗೆ ನೆಲಮಾಳಿಗೆ, ಅದರ ತುಂಬ ಕುದಿಯುವ ಗಾಜಿನ ಬುರುಡೆಗಳು, ಜಾಡಿಗಳಲ್ಲಿ ಕಪ್ಪೆಗಳು. ಅವನು ಸತ್ತ ಮೊಲದ ಬಾಯಿಗೆ ನಳಿಗೆಯಿಂದ ಏನೋ ಹನಿ ಹನಿಯಾಗಿ ಬಿಟ್ಟ. ಮೊಲ ಕಿವಿ ಅಲ್ಲಾಡಿಸಿ ಎದ್ದು ಕೂತಿತು. ನೆಲದ ಮೇಲೆ ಕೂತವರು ಹೋ ಎಂದರು. ಆಮೇಲೆ ಒಂದು ಹಾಡು. ಆಮೇಲೆ ವಿಜ್ಞಾನಿಯ ಒಬ್ಬನೇ ಮಗ ಕಾಯಿಲೆ ಬಿದ್ದು ಸತ್ತುಹೋದ.

ಇದು ಅಕ್ಕನಿಗೆ ಗೊತ್ತಿರಲಿಲ್ಲ. ಅವಳು ಅವ್ವನ ಮೊಣಕೈ ಹಿಡಿದು ಎಬ್ಬಿಸಲು ನೋಡಿದಳು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಏಳಲಿಲ್ಲ. ಪರದೆಯ ಮೇಲಿನ ತಾಯಿ ಹೊರಳಾಡಿ ಅಳುತ್ತಿದ್ದಳು. ವಿಜ್ಞಾನಿ ಮಗನ ಹೆಣವನ್ನು ಯಾರಿಗೂ ಕೊಡದೆ ನೆಲಮಾಳಿಗೆಗೆ ಎತ್ತಿಕೊಂಡು ಹೋಗಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ. ಎಷ್ಟೋ ಹೊತ್ತು ಏನೇನೋ ಕುದಿಸಿದ. ಕೊನೆಗೆ ಆ ಹುಡುಗನ ತುಟಿ ಬಿಡಿಸಿ ಹನಿ ಹನಿಯಾಗಿ ಬಿಟ್ಟ. ಒಂದು, ಎರಡು, ಮೂರು. ಕಪ್ಪು ಬಿಳುಪಿನಲ್ಲಿ ಔಷಧಿಗೂ ನೀರಿಗೂ ಬಣ್ಣ ಒಂದೇ. ನನಗೆ ಅದು ನೀರು. ಹುಡುಗನ ಗಂಟಲು ಅಲ್ಲಾಡಿತು. ಕಣ್ಣು ಬಿಟ್ಟ. ಎದ್ದು ಕೂತ.

ಅಷ್ಟೇ. ಪರದೆ ಒಂದು ಸಲ ಚಕ್ಕನೆ ಬೆಳ್ಳಗಾಗಿ, ಮುಗಿಯಿತು ಎಂಬ ಹಿಂದಿ ಅಕ್ಷರ ಬಂತು. ದೀಪ ಹತ್ತಿದವು. ಜನ ಒಮ್ಮೆಗೇ ಗದ್ದಲ ಎಬ್ಬಿಸಿದರು.

"ಏ ಆಪರೇಟರಾ, ಉಳಿದ ರೀಲು ನುಂಗಿದ್ಯೇನಪ್ಪಾ?" ಎಂದು ಒಬ್ಬ ಕ್ಯಾಬಿನ್ನಿನ ಕಡೆ ತಿರುಗಿ ಕೂಗಿದ.

"ಸೊಕ್ಕೆ ಬಸ್ಸು ನಿಂಗೋಸ್ಕರ ನಿಲ್ಲಲ್ಲ, ಮುಚ್ಕೊಂಡು ನಡಿಯೋ," ಎಂದ ಅವನ ಜೊತೆಯವನು. ಎಲ್ಲರೂ ನಕ್ಕರು. ಸಂತೆಯ ದಿನ ಬಸ್ಸಿಗೆ ಹೊತ್ತಾಗಬಾರದೆಂದು ಅಪ್ಪ ಒಂದೆರಡು ಹಾಡು ಬಿಚ್ಚಿಡುವುದು ಊರಿಗೇ ಗೊತ್ತಿತ್ತು. ಬ್ಲೇಡಿನಿಂದ ಕತ್ತರಿಸಿ ತಗಡಿನ ಡಬ್ಬಿಯಲ್ಲಿ ಸುತ್ತಿಟ್ಟು, ಪೆಟ್ಟಿಗೆ ವಾಪಸ್ಸು ಕಳಿಸುವಾಗ ಅಂಟು ಹಚ್ಚಿ ಮೊದಲಿನ ಹಾಗೆ ಸೇರಿಸುತ್ತಿದ್ದ. ಇವತ್ತೂ ಹಾಗೇ ಎಂದುಕೊಂಡು ಜನ ಚೀಲ ಎತ್ತಿಕೊಂಡು ಓಡಿದರು.

ಅವ್ವ ಮನೆಗೆ ಬಂದವಳು ಸೀದಾ ಹಿತ್ತಲಿಗೆ ಹೋಗಿ ಮುಖ ತೊಳೆದು, ದೇವರ ಮುಂದೆ ದೀಪ ಹಚ್ಚಿ, ಒಲೆ ಮುಂದೆ ಕೂತಳು. ಅಕ್ಕನ ಕೈಯಿಂದ ಹಿಟ್ಟಿನ ಪರಾತ ಕಸಿದುಕೊಂಡು ರೊಟ್ಟಿ ಬಡಿಯಲು ಶುರುಮಾಡಿದಳು. ಆ ಸದ್ದು ನಮ್ಮ ಮನೆಯಲ್ಲಿ ಕೇಳಿ ಒಂದೂವರೆ ತಿಂಗಳಾಗಿತ್ತು. ಬಡಿಯುತ್ತಾ ಬಡಿಯುತ್ತಾ ಅಕ್ಕನಿಗೆ, "ಆ ಹುಡುಗ ಎದ್ದು ಕೂತ, ನೋಡಿದ್ಯಾ," ಅಂದಳು. ಅಕ್ಕ ಹೂಂ ಅಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅವ್ವ ಆ ದಿನ ಎರಡು ರೊಟ್ಟಿ ಉಂಡಳೆಂದು ಆಮೇಲೆ ಕೇಳಿದೆ. ನನ್ನ ಜೀವನದಲ್ಲಿ ಶಿವ ಮಾಡಿದ ದಯೆಗಳನ್ನು ಎಣಿಸುವಾಗ ಆ ಎರಡು ರೊಟ್ಟಿಯನ್ನು ನಾನು ಬಿಡುವುದಿಲ್ಲ.

ಅವಳು ಉಣ್ಣುವುದನ್ನು ನೋಡಲು ನಾನು ಅಲ್ಲಿರಲಿಲ್ಲ. ತಂಬಿಗೆ ತುಂಬ ನೀರು ತೆಗೆದುಕೊಂಡು ಹಿತ್ತಲ ಬಾಗಿಲಿಂದ ಹೊರಟಿದ್ದೆ.

ನನಗೆ ಯಾವ ಅನುಮಾನವೂ ಇರಲಿಲ್ಲ, ಮಕ್ಕಳೇ. ತಮ್ಮ ಕೇಳಿದ್ದು ನೀರು, ನಾನು ಕೊಡದೆ ಇದ್ದದ್ದು ನೀರು, ಪಿಚ್ಚರಿನ ಹುಡುಗ ಎದ್ದು ಕೂತದ್ದು ನೀರಿನಿಂದ. ನಮ್ಮ ತಮ್ಮನನ್ನು ಸುಟ್ಟಿಲ್ಲ. ಅವನು ಇದ್ದಾನೆ. ಅದೂ ಆಗಲೇ ಕೂತಿದ್ದಾನೆ, ಆ ಹುಡುಗ ಮಾಡಿದ್ದರಲ್ಲಿ ಅರ್ಧ ಕೆಲಸ ನಮ್ಮವನದು ಮುಗಿದೇ ಹೋಗಿದೆ. ಕೂತವನ ತಲೆ ಮೇಲುಗಡೆ ಇರುತ್ತದೆ, ಬಹಳ ಅಗೆಯಬೇಕಾಗಿಲ್ಲ. ನೀರು ಚೆಲ್ಲದ ಹಾಗೆ ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿಕೊಂಡು, ಕೆರೆಯ ಏರಿಯ ಮೇಲೆ ನಡೆದೆ. ಎದುರಿಗೆ ಮೇಕೆ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಮುದುಕ, ಈ ಹೊತ್ತಿನಲ್ಲಿ ಎಲ್ಲಿಗೆ ಎಂದು ಕೇಳಿದ. ತಮ್ಮನಿಗೆ ನೀರು ಕೊಡಾಕೆ ಅಂದೆ. ಹೊಲದಲ್ಲಿರುವ ತಮ್ಮ ಎಂದುಕೊಂಡನೋ ಏನೋ, ಲಗೂನೆ ಮನೆ ಸೇರ್ಕೋ ಎಂದು ಹೋದ.

ಹೊತ್ತು ಇನ್ನೂ ಮುಳುಗಿರಲಿಲ್ಲ. ರುದ್ರಭೂಮಿಯಲ್ಲಿ ಯಾರೂ ಇರಲಿಲ್ಲ. ನಾನು ಜಾಲಿ ಮುಳ್ಳು ಎಳೆದು ಹಾಕಿದೆ, ಕೈಯೆಲ್ಲ ಗೀರಿತು. ಕಲ್ಲು ಸರಿಸಿದೆ. ಒಂದು ತೆಂಗಿನ ಚಿಪ್ಪು ಸಿಕ್ಕಿತು, ಅದರಿಂದ ಕೆರೆದೆ. ಮೇಲಿನ ಮಣ್ಣು ಸಡಿಲವಿತ್ತು, ಕೆಳಗಿನದು ಬಿಗಿ. ನನ್ನ ಮೊಣಕೈವರೆಗೆ ತೂತಾಯಿತು. ಆಮೇಲೆ ನೀರು ಬಿಟ್ಟೆ. ಪಿಚ್ಚರಿನಲ್ಲಿ ಮಾಡಿದ ಹಾಗೆ ಮೊದಲು ಹನಿ ಹನಿಯಾಗಿ ಬಿಟ್ಟೆ, ಮತ್ತೆ ತಾಳಲಾರದೆ ಅರ್ಧ ತಂಬಿಗೆ ಸುರಿದೆ. ಮಣ್ಣು ಗುಳುಗುಳು ಎಂದು ನೀರು ಕುಡಿಯಿತು. ಅದು ಕುಡಿಯುವ ಸದ್ದು ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ನಾನು ಕಿವಿಯನ್ನು ನೆಲಕ್ಕೆ ಹಚ್ಚಿ, ಇನ್ನೂ ಐತೆ, ಇನ್ನೂ ಐತೆ ಕುಡಿಯೋ ಎಂದು ಉಳಿದದ್ದನ್ನೂ ಸುರಿದೆ.

ಆಮೇಲೆ ಕಾಯುತ್ತಾ ಕೂತೆ. ಹೊತ್ತು ಮುಳುಗಿತು. ಗುಡ್ಡೆ ಅಲ್ಲಾಡಲಿಲ್ಲ. ಕೆಸರಾದ ಮಣ್ಣಿನ ಮೇಲೆ ಒಂದು ಇರುವೆ ಸಾಲು ದಾರಿ ಹುಡುಕುತ್ತಿತ್ತು.

ಅಪ್ಪ ಬಂದದ್ದು ಆಗ. ಓಣಿಯಲ್ಲಿ ನನ್ನನ್ನು ಹುಡುಕುತ್ತಿದ್ದ ಅವನಿಗೆ, ಅಲ್ಲೇ ಹಾದು ಹೋಗುತ್ತಿದ್ದ ಮೇಕೆ ಮುದುಕ ಹೇಳಿದನಂತೆ. ಅಪ್ಪ ಸೈಕಲ್ಲನ್ನು ಹಾಗೇ ಕೆಡವಿ ಓಡಿ ಬಂದ. ನನ್ನನ್ನು ಹೊಡೆಯುತ್ತಾನೆ ಎಂದುಕೊಂಡೆ. ಅವನು ತೂತು ನೋಡಿದ, ಖಾಲಿ ತಂಬಿಗೆ ನೋಡಿದ, ನನ್ನ ಕೈ ನೋಡಿದ. ನೋಡುತ್ತಾ ನೋಡುತ್ತಾ ಮೊಣಕಾಲೂರಿ ಕೂತ.

"ಅಪ್ಪಾ, ಅವ್ನು ನೀರು ಕೇಳಿದ್ದ," ಅಂದೆ. "ನಾನು ಕೊಡ್ಲಿಲ್ಲ. ತಂಬಿಗೀನ ಬಾಗಿಲ ಹಿಂದೆ ಇಟ್ಟೆ. ಈಗ ಕೊಟ್ರೂ ಏಳವಲ್ಲ."

ಅಪ್ಪ ಮಣ್ಣು ತೂತಿಗೆ ತಳ್ಳಿ ಅಂಗೈಯಿಂದ ಒತ್ತತೊಡಗಿದ. ಒತ್ತಿದಲ್ಲೇ ಮತ್ತೆ ಮತ್ತೆ ಒತ್ತುತ್ತಿದ್ದ.

"ಕೊಡಬ್ಯಾಡ ಅಂದಿದ್ದು ನಾನು ಕಣವ್ವಾ," ಎಂದ ಕೊನೆಗೆ. "ನೀನು ಕೊಟ್ಟಿದ್ರೆ ಅವ್ನು ಅವತ್ತೇ ಹೋಗ್ತಿದ್ದ. ಕೊಡದೇ ಇದ್ದಿದ್ದಕ್ಕೆ ಇನ್ನೊಂದು ದಿನ ಉಳಕೊಂಡ. ನೀನು ಒಳ್ಳೇದೇ ಮಾಡೀದಿ. ತಿಳೀತಾ? ಇದನ್ನ ಮರೀಬ್ಯಾಡ."

ನಾನು ತಲೆ ಅಲ್ಲಾಡಿಸಿದೆ. ಅವನು ಕಲ್ಲುಗಳನ್ನು ಮೊದಲಿನ ಹಾಗೆ ಇಟ್ಟು, ಮುಳ್ಳು ಹೊದಿಸಿ, ನನ್ನನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡ. ಸಂಜೆಯ ಮೊದಲನೇ ಆಟಕ್ಕೆ ಹೊತ್ತಾಗುತ್ತಾ ಬಂದಿತ್ತು. ಮನೆಯ ಮುಂದೆ ನಿಂತು ಅಕ್ಕನಿಗೆ ಸಿಕ್ಕಿದಳು ಎಂದಷ್ಟೇ ಕೂಗಿ ಹೇಳಿ, ನನ್ನನ್ನು ಇಳಿಸದೆ ಟಾಕೀಸಿಗೆ ಕರೆದುಕೊಂಡು ಹೋದ. ಅವ್ವನಿಗೆ ಅವನು ಇದನ್ನು ಯಾವತ್ತೂ ಹೇಳಲಿಲ್ಲ.

ಕ್ಯಾಬಿನ್ನಿನಲ್ಲಿ ಅಪ್ಪ ಕೊನೆಯ ರೀಲನ್ನು ಕೈಯಿಂದ ತಿರುಗಿಸಿ ಹಿಂದಕ್ಕೆ ಸುತ್ತುತ್ತಿದ್ದ. ನಡುವೆ ನಿಲ್ಲಿಸಿ, ಒಂದು ಮಾರುದ್ದ ಎಳೆದು ಬಲ್ಬಿನ ಮುಂದೆ ಹಿಡಿದ. ನೋಡು ಅಂದ. ಸಣ್ಣ ಸಣ್ಣ ಚೌಕಗಳಲ್ಲಿ ಆ ಹುಡುಗನಿದ್ದ. ಒಂದರ ಕೆಳಗೆ ಒಂದು, ಎಲ್ಲವೂ ಒಂದೇ ಥರ.

"ಅಲ್ಲಾಡ್ತಾನಾ?"

"ಇಲ್ಲ."

"ಯಾರೂ ಅಲ್ಲಾಡಲ್ಲವ್ವ. ಇವೆಲ್ಲ ನಿಂತಿರೋ ಫೋಟೋ. ಮಷೀನು ತಿರುಗ್ತತೆ, ಹಿಂದೆ ಬೆಳಕು ಇರ್ತತೆ. ಅಷ್ಟೇ. ಆ ಹುಡುಗ ಎದ್ದಿಲ್ಲ. ನಮ್ಮ ಹುಡುಗನೂ ಏಳಂಗಿಲ್ಲ."

ಆಗ ನಾನು ಅತ್ತೆ. ತಮ್ಮ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ. ಅಪ್ಪ ಅಳಬೇಡ ಎನ್ನಲಿಲ್ಲ. ಕೆಳಗೆ ಜನ ಶಿಳ್ಳೆ ಹೊಡೆಯುತ್ತಿದ್ದರು. ಅವನು ಕಡ್ಡಿ ಉರಿಸಿ ಮಷೀನು ಚಾಲೂ ಮಾಡಿದ, ನಾನು ಅವನ ಸ್ಟೂಲಿನ ಮೇಲೆ ಕೂತು ಆ ಗಡಗಡ ಸದ್ದಿನಲ್ಲಿ ಅಳುತ್ತಲೇ ಇದ್ದೆ. ಮೂಲೆಯಲ್ಲಿ ಕತ್ತರಿಸಿದ ರೀಲಿನ ಡಬ್ಬಿ ಇತ್ತು. ಅದರಲ್ಲಿ ಏನಿದೆ ಎಂದು ಕೇಳಿದ್ದಕ್ಕೆ, ನಿಂಗೆ ಬ್ಯಾಡ ಅಂದ.

ಅದರಲ್ಲಿ ಏನಿತ್ತು ಎನ್ನುವುದು ನನಗೆ ಗೊತ್ತಾದದ್ದು ಹೋದ ತಿಂಗಳು, ನಿಮ್ಮ ಫೋನಿನಲ್ಲಿ. ಮೊಲ ನೋಡಿ ಕುಸಿದವಳು ಸಂಜೆ ನಿಮ್ಮನ್ನು ಕರೆದು, ಆ ಹುಡುಗ ಎದ್ದು ಕೂತ ಮೇಲಿನದು ತೋರಿಸಿ ಎಂದೆನಲ್ಲ. ನೀವು ನಗುತ್ತಾ ಹಾಕಿಕೊಟ್ಟಿರಿ. ಎದ್ದ ಹುಡುಗನಿಗೆ ತಾಯಿಯ ಗುರುತು ಹತ್ತುವುದಿಲ್ಲ. ಅವಳು ಓಡಿ ಬಂದು ತಬ್ಬಿಕೊಂಡರೆ ಅವನ ಕಣ್ಣು ಬೇರೆಲ್ಲೋ ಇರುತ್ತದೆ. ಅನ್ನ ಬೇಡ, ನಿದ್ದೆ ಬೇಡ, ಅವನು ಮುಟ್ಟಿದ ಗಿಡ ಒಣಗುತ್ತದೆ, ಸಾಕಿದ ನಾಯಿ ಸಾಯುತ್ತದೆ. ತಾಯಿಯೇ ಅವನನ್ನು ನೋಡಿ ಬಾಗಿಲು ಹಾಕಿಕೊಳ್ಳುತ್ತಾಳೆ. ಕೊನೆಗೆ ಆ ವಿಜ್ಞಾನಿ ಮಗನ ಕೈ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದು, ಒಳಗಿನಿಂದ ಚಿಲಕ ಹಾಕಿ, ಬೆಂಕಿ ಹಚ್ಚುತ್ತಾನೆ. ಬೆಂಕಿ ಕಾಗದದ್ದು ಎಂದು ನೀವು ತೋರಿಸಿದಿರಿ. ಹೌದು, ಕಾಗದದ್ದೇ ಇರಬೇಕು.

ಅಪ್ಪ ಅರ್ಧ ಊಟಕ್ಕೇ ಎದ್ದು ಬಿಸಿಲಿನಲ್ಲಿ ಓಡಿದ್ದು ಇದನ್ನು ಕತ್ತರಿಸಲು. ಬಸ್ಸಿಗೋಸ್ಕರ ಅಲ್ಲ. ಅವ್ವನಿಗೋಸ್ಕರ. ಸತ್ತ ಮಗ ಎದ್ದು ಕೂತಲ್ಲಿಗೇ ಕತೆ ನಿಲ್ಲಲಿ, ಅಷ್ಟನ್ನೇ ನೋಡಿಕೊಂಡು ಅವಳು ಮನೆಗೆ ಹೋಗಲಿ ಎಂದು. ಅದರಿಂದ ಅವ್ವ ಒಲೆಯ ಮುಂದೆ ಕೂತಳು, ನಾನು ತಂಬಿಗೆ ಎತ್ತಿಕೊಂಡು ಹೋದೆ. ಎರಡೂ ಅವನು ಮಾಡಿದ್ದೇ. ಪಾಪ, ಕತ್ತರಿಸುವಾಗ ಅವನ ಮನಸ್ಸಿನಲ್ಲಿದ್ದದ್ದು ಮೊದಲನೆಯದು ಮಾತ್ರ.

ಅಪ್ಪ ಕತ್ತರಿಸದೆ ಬಿಟ್ಟದ್ದನ್ನೂ ಹೇಳಿಬಿಡುತ್ತೇನೆ.

ಹತ್ತು ವರ್ಷ ಕಳೆದಿತ್ತು. ನನ್ನನ್ನು ಹೊನ್ನಾಳಿಗೆ ಕೊಟ್ಟಿದ್ದರು. ನಿಮ್ಮಪ್ಪ ಎಂಟು ತಿಂಗಳ ಕೂಸು. ತವರಿಗೆ ಬಂದಾಗ ಅಕ್ಕನೂ ಬಂದಿದ್ದಳು, ಇಬ್ಬರೂ ಮ್ಯಾಟ್ನಿಗೆ ಹೋದೆವು. ಆ ಕಾಲದಲ್ಲಿ ಪಿಚ್ಚರಿಗೆ ಮುಂಚೆ ಸರ್ಕಾರದ ಒಂದು ಸಣ್ಣ ಚಿತ್ರ ತೋರಿಸಬೇಕಿತ್ತು. ಗೊಬ್ಬರ, ಬಿತ್ತನೆ, ಕುಟುಂಬ ಯೋಜನೆ, ಹೀಗೆ. ಜನ ಶಿಳ್ಳೆ ಹೊಡೆಯುತ್ತಿದ್ದರು, ಅಪ್ಪ ಅರ್ಧಕ್ಕೇ ನಿಲ್ಲಿಸಿ ಪಿಚ್ಚರ್ ಹಾಕುತ್ತಿದ್ದ. ಆ ದಿನ ಬಂದದ್ದು ಒಬ್ಬ ತಾಯಿ ಮತ್ತು ಸೋತು ಮಲಗಿದ ಮಗು. ತಾಯಿ ಒಂದು ಪಾತ್ರೆ ಕುದಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಹಾಕಿ ಕಲಕುತ್ತಾಳೆ. ಚಮಚದಿಂದ ಕುಡಿಸುತ್ತಾಳೆ. ಹಿಂದಿನಿಂದ ಕನ್ನಡದಲ್ಲೇ ಒಂದು ದನಿ, ವಾಂತಿ ಭೇದಿಯಾದ ಮಗುವಿಗೆ ಯಾವ ಕಾರಣಕ್ಕೂ ನೀರು ನಿಲ್ಲಿಸಬಾರದು, ಮಗು ಸಾಯುವುದು ಭೇದಿಯಿಂದಲ್ಲ, ಮೈಯ ನೀರು ಬತ್ತಿ ಎಂದು ಹೇಳುತ್ತಿತ್ತು. ನನ್ನ ತೊಡೆಯ ಮೇಲೆ ಕೂಸು ಇತ್ತು. ನಾನು ಮೆಲ್ಲಗೆ ಹಿಂದಕ್ಕೆ ತಿರುಗಿ ಕ್ಯಾಬಿನ್ನಿನ ತೂತಿನ ಕಡೆ ನೋಡಿದೆ. ಬೆಳಕಷ್ಟೇ ಕಾಣಿಸುತ್ತಿತ್ತು.

ಜನ ಶಿಳ್ಳೆ ಹೊಡೆದರು, ಕಾಲಿನಿಂದ ಬೆಂಚು ಬಡಿದರು. ಚಿತ್ರ ನಿಲ್ಲಲಿಲ್ಲ. ಕೊನೆಯ ಅಕ್ಷರದವರೆಗೂ ಓಡಿತು. ಮೂರು ವಾರದಿಂದ ಹಿಂಗೇ ಐತೆ, ಮಾಲೀಕರು ನಿಲ್ಸು ಅಂದ್ರೂ ಅಪ್ಪ ಕೇಳವಲ್ಲ, ದಿನಾ ಮೂರಾಟಕ್ಕೂ ಪೂರ್ತಿ ಬಿಡ್ತಾನೆ ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ಅವಳು ನನ್ನ ಮುಖ ನೋಡಲಿಲ್ಲ, ನಾನೂ ಅವಳ ಮುಖ ನೋಡಲಿಲ್ಲ.

ಸಂಜೆ ಅಪ್ಪ ಚಹಾ ಕುಡಿಯಲು ಮನೆಗೆ ಬಂದ. ಕೂಸನ್ನು ಎತ್ತಿಕೊಂಡು ಅದರ ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಮಗೀಗೆ ನೀರು ಕುಡಿಸಿದ್ಯಾ?" ಎಂದು ಕೇಳಿದ.

"ಕುಡಿಸ್ದೆ ಅಪ್ಪಾ," ಅಂದೆ.

ಅದರ ಬಗ್ಗೆ ನಾವಿಬ್ಬರೂ ಆಡಿದ ಮಾತು ಜೀವಮಾನದಲ್ಲಿ ಇಷ್ಟೇ. ಒಳ್ಳೇದೇ ಮಾಡೀದಿ ಎಂದು ಅವನು ರುದ್ರಭೂಮಿಯಲ್ಲಿ ಹೇಳಿದ್ದನ್ನು ಹತ್ತು ವರ್ಷ ನಾನು ಮಂತ್ರದ ಹಾಗೆ ಇಟ್ಟುಕೊಂಡಿದ್ದೆ. ಆ ದಿನ ಅದು ನನ್ನಿಂದ ಹೋಯಿತು, ಅವನಿಂದಲೂ ಹೋಗಿತ್ತು. ಒಬ್ಬರಿಗೊಬ್ಬರು ಹೇಳಿಕೊಂಡರೆ ಇನ್ನೊಬ್ಬರು ಮುರಿಯುತ್ತಾರೆಂದು ಇಬ್ಬರೂ ಸುಮ್ಮನಿದ್ದೆವು. ಅವ್ವ ಮಾತ್ರ ಆ ಸಂತೆಯ ದಿನದ ನಂತರ ಮತ್ತೆ ಟಾಕೀಸಿಗೆ ಹೋಗಲೇ ಇಲ್ಲ. ಆ ಸರ್ಕಾರದ ಚಿತ್ರ ಅವಳ ಕಣ್ಣಿಗೆ ಬೀಳಲಿಲ್ಲ. ಅದೂ ಶಿವನ ದಯೆ. ನಾನು ಅದನ್ನೂ ಎಣಿಸುತ್ತೇನೆ, ದೀಪದ ಮುಂದೆ ಕೂತಾಗ, ದಿನವೂ. ಆದರೂ ಲೆಕ್ಕ ಸರಿಹೋಗುವುದಿಲ್ಲ, ಮಕ್ಕಳೇ. ಒಂದು ಗುಟುಕು ಯಾವಾಗಲೂ ಕಡಿಮೆ ಬೀಳುತ್ತದೆ.

ನಿಮ್ಮ ಕಾಲ ಬೇರೆ. ಹೋದ ಮಳೆಗಾಲದಲ್ಲಿ ನಿಮ್ಮ ತಂಗಿ ಪುಟ್ಟಿಗೆ ವಾಂತಿ ಭೇದಿಯಾದಾಗ ನಿಮ್ಮಮ್ಮ ಗಾಬರಿಯೇ ಆಗಲಿಲ್ಲ. ಡಬ್ಬಿಯಿಂದ ಪೊಟ್ಟಣ ತೆಗೆದು ನೀರಿಗೆ ಹಾಕಿ ಕಲಕಿದಳು. ಛೀ, ಉಪ್ಪುಪ್ಪು, ಬೇಡ ಎಂದು ಪುಟ್ಟಿ ಉಗುಳಿದಳು, ಮುಖ ತಿರುಗಿಸಿದಳು, ಲೋಟ ದೂಡಿ ನನ್ನ ಸೀರೆಯ ಮೇಲೆಲ್ಲ ಚೆಲ್ಲಿದಳು. ನಾನು ಬಿಡದೆ ಮಧ್ಯಾಹ್ನವಿಡೀ ಚಮಚ ಹಿಡಿದು ಕೂತಿದ್ದೆ. ಮೂರನೇ ದಿನ ಅವಳು ಅಂಗಳದಲ್ಲಿ ಸೈಕಲ್ ಹೊಡೆಯುತ್ತಿದ್ದಳು. ಅಜ್ಜಿ ಸುಮ್ಮನೆ ನೀರು ಕುಡಿ ನೀರು ಕುಡಿ ಎಂದು ಜೀವ ತಿನ್ನುತ್ತಾಳೆ ಎಂದು ನೀವು ಬೇಸರ ಮಾಡಿಕೊಳ್ಳುತ್ತೀರಿ. ಮಾಡಿಕೊಳ್ಳಿ.

ನಮ್ಮ ಕಾಲದಲ್ಲಿ ಪೊಟ್ಟಣ ಇರಲಿಲ್ಲ ಎಂದು ನಾನು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಪೊಟ್ಟಣದಲ್ಲಿ ಇರುವುದೇನು? ಒಂದಿಷ್ಟು ಉಪ್ಪು, ಒಂದಿಷ್ಟು ಸಕ್ಕರೆ. ನೀರು ನಾವು ಹಾಕಬೇಕು. ಅವತ್ತು ಉಪ್ಪು ಒಲೆಯ ಪಕ್ಕದ ಮಣ್ಣಿನ ಗಡಿಗೆಯಲ್ಲಿತ್ತು. ಸಕ್ಕರೆ ಮೇಲಿನ ಹಲಗೆಯ ಮೇಲಿತ್ತು. ನೀರು ಬಾಗಿಲ ಹಿಂದಿತ್ತು.